ಹದಿಮೂರನೇ ಕ್ಯಾಸೆಟ್ಟು

"ನಿಧಾನ ಮೇಷ್ಟ್ರೇ, ಹೊಸಿಲಿದೆ!" ಟೀವಿಯ ಒಂದು ಬದಿ ಹಿಡಿದ ಲಾರಿ ಡ್ರೈವರ್ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ನಡುಮನೆಗೆ ಬಂದ. ಇನ್ನೊಂದು ಬದಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಏದುಸಿರು ಬಿಡುತ್ತಿದ್ದರು. ಪಂಪ್ ಮೆಕ್ಯಾನಿಕ್ಕನ ಶವ ಮಲಗಿಸಿದ್ದ ಮಂಚದ ಕಾಲ್ದೆಸೆಗೆ ಅದನ್ನು ಇಳಿಸಿ, ಪಕ್ಕಕ್ಕೆ ಎರಡು ವಿಸಿಆರ್ ಮಿಷನ್ನು ತಂದಿಟ್ಟರು.

"ಏನಪ್ಪಾ ಇದು, ಸಾವಿನ ಮನೇಲಿ ಟೀವೀನಾ?" ಸತ್ತವನ ತಂಗಿ ಸಿಡುಕಿದಳು.

"ಅಣ್ಣ ಆಸ್ಪತ್ರೇಲಿ ಮಾತು ತಗೊಂಡಿದ್ರು ಅಕ್ಕಾ," ಎಂದ ಡ್ರೈವರ್. "ತನ್ನನ್ನ ಎತ್ತೋಕೆ ಮುಂಚೆ, ತನ್ನೆದುರಿಗೇ ಹದಿಮೂರನೇ ಕ್ಯಾಸೆಟ್ ಹಾಕಿ ಕಾಪಿ ಮಾಡ್ಕೋಬೇಕು ಅಂತ. ಬದುಕಿದ್ದಾಗ ಮುಟ್ಟೋಕೂ ಬಿಡ್ಲಿಲ್ಲ ಮಹಾರಾಯ."

ಮೇಷ್ಟ್ರು ಕ್ಯಾಸೆಟ್ಟಿನ ಬೂಷ್ಟನ್ನು ಹತ್ತಿಯಿಂದ ಒರೆಸಿದರು. "ಈ ಜಪಾನಿ ಕಾರ್ಟೂನು ಟೀವೀಲಿ ಬಂದಿದ್ದು ಒಂದೇ ಸಲ. ಕೊನೇ ಕಂತು ಉಳಿದಿರೋದು ಇದೊಂದ್ರಲ್ಲೇ. ಇವತ್ತು ಓಡಿದ್ರೆ ಉಂಟು, ಇಲ್ದಿದ್ರೆ ಇಲ್ಲ."

ಗೋಡೆಗೊರಗಿ ಕುಳಿತಿದ್ದ ಹೆಂಡತಿ ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಬೆಳಗಿನಿಂದ ಸುರಿಯುತ್ತಿದ್ದ ಕಣ್ಣೀರು ನಿಂತೇ ಹೋಗಿತ್ತು.

*

ಇಪ್ಪತ್ತೆರಡು ವರ್ಷಗಳ ಹಿಂದೆ, ಗಂಡ ತೋಟವೊಂದಕ್ಕೆ ಪಂಪ್ ಬಿಚ್ಚಲು ಹೋಗಿದ್ದ ಮಧ್ಯಾಹ್ನ, ಟೀವಿಯಲ್ಲಿ ಕಾಲರ್ ಹೊಲಿಯುವ ಪಾಠ ಶುರುವಾಯಿತು. ಊರಿಗೆಲ್ಲ ಬಟ್ಟೆ ಹೊಲಿಯುವ ಅವಳಿಗೆ ಕೈಗೆ ಬಗ್ಗದ ಕೆಲಸ ಕಾಲರ್ ಒಂದೇ. ವಿಸಿಆರ್ ಮಿಷನ್ನಿನಲ್ಲಿ ಅರ್ಧ ಓಡಿ ನಿಂತಿದ್ದ ಕ್ಯಾಸೆಟ್ಟಿಗೇ ರೆಕಾರ್ಡ್ ಗುಂಡಿ ಒತ್ತಿದಳು. ಆಗಲಿಲ್ಲ. ಯಾರೂ ಅಳಿಸದಿರಲೆಂದು ಅವನು ಅದರ ಬೆನ್ನಿನ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿದಿಟ್ಟಿದ್ದ. ಆ ತೂತು ಮುಚ್ಚಿದರೆ ಸಾಕೆಂದು ಅವಳಿಗೆ ಗೊತ್ತಿತ್ತು. ಬೆರಳಿನ ಗಾಯದ ಪಟ್ಟಿ ಕಿತ್ತು ಅಂಟಿಸಿದಳು. ನಾಲ್ಕು ನಿಮಿಷಕ್ಕೆ ಕರೆಂಟು ಹೋಯಿತು.

ಕ್ಯಾಸೆಟ್ಟಿನ ಮೇಲಿನ ಹೆಸರು ಓದಿದ್ದು ಆಮೇಲೆ. ಮರುದಿನ ಕದ್ದು ಹಾಕಿ ನೋಡಿದಳು: ಹನ್ನೊಂದನೇ ನಿಮಿಷಕ್ಕೆ ಕಾರ್ಟೂನಿನ ದೋಣಿಯ ಹುಡುಗಿ ಮಾಯವಾಗಿ ಕತ್ತರಿ, ಸೀಮೆಸುಣ್ಣ, ಕಾಲರ್ ಬಂದವು. ಪಟ್ಟಿ ಕಿತ್ತೆಸೆದು ಸುಮ್ಮನಾದಳು.

ಅವನು ಏನೂ ಕೇಳಲಿಲ್ಲ. ಹದಿಮೂರನೇ ಕಂತಿನ ಇನ್ನೊಂದು ಪ್ರತಿ ಯಾರ ಬಳಿಯಾದರೂ ಇದೆಯೇ ಎಂದು ಊರೂರಿಗೆ ಕಾಗದ ಬರೆಯತೊಡಗಿದ. "ಚೊಕ್ಕಟವಾದ ಕಾಪಿ ಬೇಕಿತ್ತು ಕಣೇ," ಎನ್ನುತ್ತಿದ್ದ, ಅಷ್ಟೇ. ಅಂಚೆ ಡಬ್ಬಿಗೆ ಹಾಕಿ ಬರುತ್ತಿದ್ದವಳು ಅವಳೇ.

*

ಟೀವಿಯಲ್ಲಿ ಹುಡುಗಿ ಮಂಜಿನ ನಡುವೆ ದೋಣಿಗೆ ಹುಟ್ಟು ಹಾಕುತ್ತಿದ್ದಳು. ಚಿತ್ರ ಅದುರಿತು, ಮತ್ತೆ ನಿಂತಿತು. ನೆರೆದವರು ಮೂಗು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದರು.

"ಆರಿಸ್ಬಿಡ್ರಪ್ಪಾ," ಎಂದಳು ಹೆಂಡತಿ. "ಗಾಡಿ ಬರೋ ಹೊತ್ತಾಯ್ತು."

"ಇನ್ನೂ ಅರ್ಧ ಗಂಟೆ ಇದೆ ಅತ್ತಿಗೆ," ಎಂದ ಡ್ರೈವರ್.

"ಯಾಕತ್ತಿಗೆ ಇಷ್ಟು ಅವಸರ?" ನಾದಿನಿ ಅವಳ ಕೈ ಹಿಡಿದಳು.

ಡ್ರೈವರ್ ಗಡಿಯಾರ ನೋಡಿದ. "ಬಂತು ಮೇಷ್ಟ್ರೇ, ನಮ್ಮ ರಬ್ಬರಣ್ಣನ ಜಾಗ!"

"ಯಾವ ರಬ್ಬರಣ್ಣ?" ನಾದಿನಿ ಕೇಳಿದಳು.

"ನಿಮ್ಮಣ್ಣನೇ. ನಮ್ಮ ಗುಂಪಲ್ಲೆಲ್ಲ ಅದೇ ಹೆಸರು. ಒಂದಿನ ಕುಡಿದ ಮತ್ತಲ್ಲಿ ಯಾವುದೋ ಗುಂಡಿ ಒತ್ತಿ ನಾಲ್ಕು ನಿಮಿಷ ತಾನೇ ಅಳಿಸ್ಬಿಟ್ಟೆ ಅಂತ ಒಪ್ಕೊಂಡಿದ್ರು. ಇಪ್ಪತ್ತು ವರ್ಷ ಗೇಲಿ ಮಾಡಿದ್ವಿ. ನಗ್ತಾನೇ ಇದ್ರು."

"ಕುಡಿದಾ? ನಮ್ಮಣ್ಣ ಒಂದು ತೊಟ್ಟು ಮುಟ್ಟಿದವನಲ್ಲ!"

ಹೆಂಡತಿ ಕಣ್ಣು ಬಿಗಿಯಾಗಿ ಮುಚ್ಚಿ ಕತ್ತರಿಯ ಸದ್ದಿಗೆ ಕಾದಳು. ಬರಲಿಲ್ಲ. ಮೆಲ್ಲಗೆ ಕಣ್ಣು ತೆರೆದಳು.

ಕಾಲರ್ ಇರಲಿಲ್ಲ. ಅವನು ಯಾರಿಗೂ ಮುಟ್ಟಗೊಡದ ಕ್ಯಾಸೆಟ್ಟಿನಲ್ಲಿ ಅದನ್ನೂ ಯಾರೋ ಅಳಿಸಿದ್ದರು. ಟೀವಿಯ ತುಂಬ ಬರೀ ಕಪ್ಪು. ಆ ಕಪ್ಪು ಗಾಜಿನಲ್ಲಿ ಮಂಚ ಕಾಣುತ್ತಿತ್ತು, ಬಿಳಿ ಹೊದಿಕೆಯಡಿ ಎದ್ದುನಿಂತ ಎರಡು ಪಾದಗಳು, ಅವುಗಳಾಚೆ ಗೋಡೆಗೊರಗಿದ ಒಬ್ಬ ಹೆಂಗಸು. ಮಿಷನ್ನು ಗುರುಗುಟ್ಟುತ್ತ ನಾಲ್ಕು ನಿಮಿಷವನ್ನೂ ಸುತ್ತುತ್ತಿತ್ತು.