ಮೀನುಗಳ ತಿಥಿ

ಹಮಾಸೆ ಎಂಬ ಜಪಾನೀ ಮೀನಿನ ಕಂಪನಿ ವರ್ಷಕ್ಕೊಮ್ಮೆ ತಾನು ಹಿಡಿದ, ಕೊಂಡ, ಮಾರಿದ ಮೀನುಗಳಿಗೆಲ್ಲ ತಿಥಿ ಮಾಡುತ್ತದೆ. ಆ ವರ್ಷ ತೀರಿಕೊಂಡ ನೌಕರರ ಫೋಟೋಗಳನ್ನೂ ಅದೇ ಪೀಠದ ಮೇಲೆ ಇಡುತ್ತಾರೆ. ಈ ಸಲ ಗುರುರಾಜನದೂ ಇತ್ತು. ನನ್ನ ಗಂಡ. ಅವರ ಕೋಲ್ಡ್ ಸ್ಟೋರೇಜ್‌ಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ.

ನಾವಿರುವ ಫುನಾಬೊರಿಯಿಂದ ಮಗಳು ಪ್ರಣತಿಯನ್ನು ಕರೆದುಕೊಂಡು ಮಿನಾಟೋದ ಆಫೀಸಿಗೆ ಹೋದೆ. ನನ್ನ ಜಪಾನೀಸ್ ಸಾಲದೆ ಹೋದಾಗ ಏಳು ವರ್ಷದ ಅವಳೇ ದುಭಾಷಿ.

ಅಧ್ಯಕ್ಷರು ಕಂಪನಿಯ ಕಥೆ ಹೇಳಿದರು. ಮೊದಲು ಉತ್ತರದ ಬಂದರಿನಲ್ಲಿ ಎರಡು ದೋಣಿ. ಆಮೇಲೆ ನಡುಗಡಲಲ್ಲೇ ಏಡಿಯನ್ನು ಡಬ್ಬಿಗೆ ತುಂಬುವ ಹಡಗುಗಳು. ಬೇರೆ ದೇಶಗಳು ತಂತಮ್ಮ ಕಡಲಿಗೆ ಗಡಿ ಹಾಕಿಕೊಂಡಾಗ ಹಡಗು ಮಾರಿ, ಹಿಡಿಯುವುದನ್ನು ಬಿಟ್ಟು ಕೊಳ್ಳುವುದನ್ನು ಕಲಿತರಂತೆ. ಈಗ ಚಿಲಿಯಲ್ಲಿ ಸಾಕಿದ ಸಾಲ್ಮನ್, ಮೀನೆಣ್ಣೆಯ ಮಾತ್ರೆ, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳಲ್ಲಿ ಮೀನಿನ ಸಾಸೇಜ್.

ಬೌದ್ಧ ಪುರೋಹಿತರು ಮಂತ್ರ ಹೇಳಿದರು. ನಾನು ಅಳಲಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬಳು ಅಳುತ್ತಿದ್ದಳು. ಮೀನಿಗಲ್ಲ. ಎದ್ದು ಹೋಗಿ ಗುರುರಾಜನ ಫೋಟೋ ಮುಂದೆ ಗುಲಾಬಿ ಬಣ್ಣದ ಸಾಸೇಜೊಂದನ್ನು ಎರಡೂ ಕೈಯಿಂದ ಇಟ್ಟಳು.

ಸತ್ತವರಿಗೆ ಇಷ್ಟವಾದದ್ದನ್ನು ಇಡುವುದು ಇಲ್ಲಿನ ಪದ್ಧತಿ. ಆದರೆ ಗುರುರಾಜ, ಹೊಟೇಲಿನಲ್ಲಿ ಬರೀ ಸೂಪಿಗೂ "ಸುಮಿಮಾಸೆನ್, ಮೀನು ಹಾಕಿಲ್ಲ ತಾನೇ?" ಎಂದು ಎರಡೆರಡು ಸಲ ಕೇಳುವವನು.

ಎಲ್ಲ ಮುಗಿದ ಮೇಲೆ ಅವಳೇ ಬಂದು ಪರಿಚಯ ಹೇಳಿಕೊಂಡಳು. ಕುರಾಮೊತೊ-ಸಾನ್.

"ಪ್ರತಿ ಶುಕ್ರವಾರ ಹೊಸ ಮಾಲನ್ನು ಎಲ್ಲರೂ ರುಚಿ ನೋಡಬೇಕು, ಕಂಪ್ಯೂಟರಿನವರೂ. ಗುರು-ಸಾನ್ ಮೊದಮೊದಲು ಬರೀ ಮೂಸಿ ಮಾರ್ಕ್ಸ್ ಕೊಡುತ್ತಿದ್ದರು. ನಾವೆಲ್ಲ ರೇಗಿಸುತ್ತಿದ್ದೆವು. ಒಂದು ದಿನ ಕಣ್ಣು ಮುಚ್ಚಿಕೊಂಡು ಕಚ್ಚಿದರು. ಆಮೇಲೆ, ಇನ್ನೊಂದು ಇದೆಯಾ ಅಂದರು!"

ಅಳುವಿನ ನಡುವೆಯೇ ನಕ್ಕಳು. ಗುರು-ಸಾನ್ ಅಂತೆ.

ಅವರಿಬ್ಬರ ನಡುವೆ ಬೇರೇನಾದರೂ ಇದ್ದಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲವೇನೋ. ಕಣ್ಣು ಮುಚ್ಚಿ ಕಚ್ಚಿದ ಆ ಮುಖವನ್ನು ಇವಳು ನೋಡಿದ್ದಾಳೆ. ನಾನು ನೋಡಿಲ್ಲ.

"ಅಪ್ಪ ಮೀನು ತಿಂತಿರ್ಲಿಲ್ಲ ಅಂತ ಹೇಳು ಅವ್ರಿಗೆ," ಎಂದೆ ಪ್ರಣತಿಗೆ.

ಅವಳು ತನ್ನ ಬೂಟು ನೋಡಿಕೊಂಡಳು. "ಬಟ್ ತಿಂತಿದ್ರು, ಅಮ್ಮಾ. ಪಾರ್ಕಲ್ಲಿ. ನಂಗೂ ಹಾಫ್ ಕೊಡ್ತಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮಂಗೆ ಬೇಜಾರಾಗತ್ತೆ, ಹೇಳ್ಬೇಡ ಅಂದಿದ್ರು. ಸೀಕ್ರೆಟ್." ಆಮೇಲೆ, "ಓಯಿಶೀ ಇತ್ತು," ಎಂದಳು. ರುಚಿಗೆ ಅವಳ ಬಾಯಲ್ಲಿ ಬರುವುದು ಅದೊಂದೇ ಮಾತು.

ಪಾರ್ಕಿನ ಬೆಂಚಿನ ಮೇಲೆ ಮಗಳಿಗೂ ಜಾಗವಿತ್ತು. ನಾನು ಮನೆಯಲ್ಲಿ ಅವನಿಗೆ ಇಷ್ಟದ ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ.

ಕುರಾಮೊತೊ-ಸಾನ್‌ಗೆ ನಮ್ಮ ಮಾತು ಅರ್ಥವಾಗಿರಲಿಲ್ಲ. ಮೂಗು ಒರೆಸಿಕೊಂಡು ಕೇಳಿದಳು: "ಮನೆಯಲ್ಲಿ ಅವರಿಗೆ ಏನು ತುಂಬ ಇಷ್ಟ? ಎಷ್ಟು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದರು. ಮುಂದಿನ ಸಲ ಅದನ್ನೂ ಇಡೋಣ."

ನನಗೆ ಗೊತ್ತಿತ್ತು. ಪ್ರಣತಿಗೂ ಗೊತ್ತಿತ್ತು, ಹೇಳಲು ಬಾಯಿ ತೆರೆದಳು. ಅವಳ ಕೈಯನ್ನು ಅದುಮಿ ಹಿಡಿದೆ.

"ಅಂಥದ್ದೇನೂ ಇರಲಿಲ್ಲ," ಎಂದೆ ಜಪಾನೀಸಿನಲ್ಲಿ.

ಅವಳು ಬಗ್ಗಿ ವಂದಿಸಿದಳು. ನಾನೂ ಬಗ್ಗಿದೆ, ಅವಳಿಗಿಂತ ಸ್ವಲ್ಪ ಕಡಿಮೆ.