ಕಾಶೆವ್ವ ಹಗೇವು ಮುಚ್ಚಿಸಿದಳು

ಯುದ್ಧ ನಡೆದಿರುವುದು ಎಲ್ಲೋ ದೂರದ ಬರ್ಮಾ ಕಡೆ. ಅದರ ಸುದ್ದಿ ಮಾತ್ರ ಗೋಕಾಕದ ಸಂತೆಗೆ ಹೋದವರ ಬೆನ್ನು ಹತ್ತಿ ನಮ್ಮ ಊರೂರಿಗೂ ಬರುತ್ತಿದೆ. ಚಿಮಣಿ ಎಣ್ಣೆ ಮುಗಿಯಿತಂತೆ. ಸಕ್ಕರೆ ಇನ್ನು ಕಣ್ಣಿಗೂ ಬೀಳುವುದಿಲ್ಲವಂತೆ. ಸರಕಾರ ಮನೆ ಮನೆಯ ಹಗೇವು ಅಗೆದು ಜೋಳ ಒಯ್ಯುತ್ತದಂತೆ. ಇದನ್ನೆಲ್ಲ ಯಾರು ಹೇಳಿದರು ಎಂದು ಕೇಳಿ ನೋಡಿ, ಒಬ್ಬರಿಗೂ ಗೊತ್ತಿಲ್ಲ. ನಂಬಿದವರು ಮಾತ್ರ ಊರ ತುಂಬ ಇದ್ದಾರೆ.

ನಾಗನೂರಿನ ದುಂಡಪ್ಪನೂ ಅವರಲ್ಲಿ ಒಬ್ಬ. ಹೊಲದ ಕೆಲಸಕ್ಕೆ ಗಟ್ಟಿ ಆಳು, ಆದರೆ ಹಿತ್ತಾಳೆ ಕಿವಿ. ಅವನ ಹೆಂಡತಿ ಕಾಶೆವ್ವ ತದ್ವಿರುದ್ಧ. ಅಂಗಡಿಯವನು ಒಂದು ಹಿಡಿ ಪುಟಾಣಿ ಹೆಚ್ಚು ಹಾಕಿದರೂ, 'ಇವನಿಗೆ ಏನು ಬೇಕಾಗಿದೆ?' ಎಂದು ಯೋಚಿಸುವ ಹೆಣ್ಣುಮಗಳು. ಊರವರು ಅವಳನ್ನು ನೋಡಿ ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಅವರ ಹಗೇವು ತುಂಬಿತ್ತು. ನೆಲದೊಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಹಾಕಿಡುವ ಗುಂಡಿ ಅದು. ಮಳೆಗಾಲ ಕಳೆದು ಮುಂದಿನ ಸುಗ್ಗಿ ಬರುವವರೆಗೆ ಮಕ್ಕಳು, ಮುದುಕರು ಎಲ್ಲರ ರೊಟ್ಟಿಯೂ ಅದರಲ್ಲೇ ಇತ್ತು.

ಆಗಲೇ ಬಂದ ನೋಡಿ, ಕಲ್ಲಪ್ಪ ಎಂಬವನು. ಹುಕ್ಕೇರಿ ಕಡೆಯವನು, ದುಂಡಪ್ಪನ ತಂಗಿಯನ್ನು ಕೊಟ್ಟ ಮನೆಯ ನೆರೆಯವನು ಎಂದು ಗುರುತು ಹೇಳಿಕೊಂಡ. ಸ್ನಾನ ಮಾಡಿದ, ವಿಭೂತಿ ಹಚ್ಚಿ ಲಿಂಗಪೂಜೆ ಮಾಡಿಕೊಂಡ, ಆಮೇಲೆಯೇ ಊಟಕ್ಕೆ ಕುಳಿತ. ದುಂಡಪ್ಪ ಅಷ್ಟಕ್ಕೇ ಕರಗಿಹೋದ. ಉಣ್ಣುತ್ತ ಉಣ್ಣುತ್ತ ಕಲ್ಲಪ್ಪ ಮಾತು ತೆಗೆದ.

"ದುಂಡಪ್ಪಣ್ಣಾ, ಜಪಾನದಾವ್ರು ಬಂದ್ರಂದ್ರ ಈ ನೋಟೆಲ್ಲಾ ರದ್ದಿ. ಒಲಿಗೆ ಹಾಕಾಕ ಅಷ್ಟ ಲಾಯಕ್ಕು. ಜ್ವಾಳಕ್ಕ ಈಗ ಛಲೋ ದರ ಐತಿ, ಸರಕಾರ ಬಂದು ಒಯ್ಯೂದರಾಗ ಮಾರಿಬಿಡ್ರಿ. ಬಂದ ನೋಟು ನನಗ ಕೊಡ್ರಿ. ಹತ್ತು ರೂಪಾಯಿ ನೋಟಿಗೆ ಐದು ಬೆಳ್ಳಿ ರೂಪಾಯಿ ಎಣಿಸಿ ಕೊಡ್ತೇನಿ. ನನಗೇನೂ ಲಾಭ ಇಲ್ರಿ. ನಮ್ಮ ಮಂದಿ ಮುಳಗಬಾರ್ದು, ಅಷ್ಟ."

ಬಾಜೂ ಮನೆಯ ಲಕ್ಕಪ್ಪ ಮೊದಲೇ ಜೋಳ ಮಾರಿ ನೋಟು ಇಟ್ಟುಕೊಂಡಿದ್ದ. ಮರುದಿನವೇ ಕಲ್ಲಪ್ಪನನ್ನು ಊಟಕ್ಕೆ ಕರೆದು, ನೋಟು ಕೊಟ್ಟು ಅರ್ಧದಷ್ಟು ಬೆಳ್ಳಿ ಇಸಿದುಕೊಂಡ. ದುಂಡಪ್ಪನಿಗೆ ಕುಂತಲ್ಲಿ ನಿಂತಲ್ಲಿ ಅದೇ ಚಿಂತೆ.

"ಪೂರಾ ಹೋಗೂದ್ಕಿಂತ ಅರ್ಧಾ ಉಳಿದ್ರ ಸಾಕಲ್ಲ?" ಎಂದ ಹೆಂಡತಿಗೆ.

"ಆ ಮನಷ್ಯಾನ ಮ್ಯಾಲ ನನಗ ಸಂಶೆ ಐತ್ರಿ."

"ಲಿಂಗಪೂಜಿ ಮಾಡಿ ಉಣ್ಣಾಂವ ಸುಳ್ಳು ಹೇಳ್ತಾನೇನ?"

"ಪೂಜಿ ಅಂವಗೂ ಶಿವಗೂ ಇದ್ದದ್ದು. ನಮ್ಮ ಜ್ವಾಳಕ್ಕ ಅದು ಜಾಮೀನ ಏನ್ರಿ?"

ದುಂಡಪ್ಪ ಸಿಟ್ಟಾಗಿ ಎದ್ದು ಹೋದ. ನಾಳೆ ಹಗೇವು ತೆಗೆಯುವುದೇ ಸೈ ಎಂದು ಹೇಳಿ ಹೋದ.

ಕಾಶೆವ್ವನಿಗೆ ಅಳು ಬಂದಿತು. ಅನುಮಾನವೇನೋ ಇತ್ತು. ಆದರೆ ಬರಿಯ ಅನುಮಾನವನ್ನು ಗಂಡನ ಮುಂದೆ ಹೇಗೆ ಇಡುವುದು? ಹಿತ್ತಲ ಆಚೆಯ ಪದ್ಮವ್ವನ ಮನೆಗೆ ಹೋದಳು. ಪದ್ಮವ್ವ ಜೈನರ ಮನೆಯವಳು. ಅವಳ ತಮ್ಮನ ಕಾಳಿನ ಅಂಗಡಿ ಗೋಕಾಕದಲ್ಲಿತ್ತು, ಪೇಟೆಯ ಖರೆ ಸುದ್ದಿ ಅವಳಿಗೆ ತಿಳಿಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆ, ಆಕೆ ಆಗಲೇ ಒಲೆ ಸಾರಿಸುತ್ತಿದ್ದಳು. ಕಾಶೆವ್ವ ಕಲ್ಲಪ್ಪ ಹೇಳಿದ್ದನ್ನೆಲ್ಲ ಹೇಳಿದಳು.

"ಪದ್ಮಕ್ಕಾ, ನೋಟು ಖರೇನ ರದ್ದಿ ಆಗ್ತಾವೇನ?"

"ಗೋಕಾಕದಾಗ ಎಲ್ಲಾ ಅಂಗಡ್ಯಾಗೂ ನಡ್ಯಾಕತ್ತಾವು. ಜ್ವಾಳ ಮಾತ್ರ ಮಾರಬ್ಯಾಡ್ರಿ. ಮಳಿಗಾಲದಾಗ ದರ ಇನ್ನೂ ಏರ್ತೈತಿ ಅಂತಾನ ನನ್ನ ತಮ್ಮ."

ಕಾಶೆವ್ವನ ಹುಬ್ಬು ಮೇಲೇರಿತು. "ನಿಮ್ಮ ತಮ್ಮ ಕಾಳಿನ ವ್ಯಾಪಾರಿ. ಇದರಾಗ ನಿಮಗೇನ ಲಾಭ?"

ಪದ್ಮವ್ವ ನಕ್ಕುಬಿಟ್ಟಳು. "ಕೇಳಿದ್ದು ಛಲೋ ಆತು. ಮಾರ್ರಿ ಅಂದಿದ್ರ ಸಂಶೆ ಪಡಬೇಕಿತ್ತು. ಬ್ಯಾಡ ಅಂದ್ರ ನಮ್ಮ ಅಂಗಡಿಗೆ ಏನ ಬಂತು? ಇದನ್ನ ಆ ಮನಷ್ಯಾಗ ಕೇಳಿದೇನ?"

"ಮನೀಗೆ ಬಂದಾಂವ್ನ ಹ್ಯಾಂಗ ಕೇಳೂದ?"

"ನನ್ನ ಹ್ಯಾಂಗ ಕೇಳಿದಿ? ಹಂಗ."

"ಹಂಗಾದ್ರ ಯುದ್ಧ ಯಾರು ಗೆಲ್ತಾರ?"

"ನನಗೇನ ಗೊತ್ತವ್ವಾ? ಯಾರಿಗೂ ಗೊತ್ತಿಲ್ಲ. ಅದಕ್ಕ ಎಲ್ಲಾ ಒಂದ ಕಡೆ ಇಡಬಾರ್ದು. ಮೊದ್ಲ ವರ್ಷದ ಜ್ವಾಳ ತಗದಿಡು, ಅದನ್ನ ಮುಟ್ಟಬ್ಯಾಡ. ಮಿಕ್ಕಿದ್ರ ಅಷ್ಟ ಮಾರು. ಜಡ್ಡು ಆಪತ್ತಿಗೆ ಒಂದಿಷ್ಟು ರೊಕ್ಕ ಕೈಯಾಗ ಇರ್ಲಿ. ಒಂದಿಷ್ಟು ಟಪಾಲ ಕಚೇರಿ ಉಳಿತಾಯ ಖಾತೇದಾಗ ಇಡು."

"ಟಪಾಲದಾವ್ರು ನುಂಗಿದ್ರ?"

"ಸ್ವಲ್ಪ ಇಡು. ಮುಂದಿನ ಸಲ ಹೋದಾಗ ಅದರಾಗ ಸ್ವಲ್ಪ ಹೊಳ್ಳಿ ಕೇಳು. ಕೊಟ್ರ ಮತ್ತ ಇಡು. ನಂಬಬ್ಯಾಡ, ನೋಡು."

ಮರುದಿನ ಬೆಳಗ್ಗೆ ಮಣ್ಣು ಸರಿಸಿ ಹಗೇವಿನ ಕಲ್ಲು ಎತ್ತಿದರು. ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಹಗೇವಿನ ಗಾಳಿ ಕೆಟ್ಟದ್ದು, ಇಳಿದವರ ಉಸಿರು ಕಟ್ಟುತ್ತದೆ. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವ ಪದ್ಧತಿ. ದುಂಡಪ್ಪ ದೀಪ ಬಿಟ್ಟ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರಿಹೋಯಿತು. ಕೆಟ್ಟ ಗಾಳಿ ಹೋಗಲೆಂದು ಎಲ್ಲರೂ ಬದಿಗೆ ಸರಿದು ಕುಳಿತರು.

ಕಲ್ಲಪ್ಪ ಬೇವಿನ ನೆರಳಿನಲ್ಲಿ ಚಡಪಡಿಸುತ್ತಿದ್ದ. "ಎಷ್ಟೊತ್ರಿ? ಲಗೂ ಇಳೀರಿ. ಜ್ವಾಳ ಮಾರಿ ಇವತ್ತ ನೋಟು ಕೊಟ್ರ ಛಲೋ, ನಾ ಮೂಡಲಗಿಗೆ ಹೋಗೂದೈತಿ."

ಕಾಶೆವ್ವ ಅವನನ್ನೇ ನೋಡಿದಳು. ತಮ್ಮದೇ ಹಗೇವು, ತಾವೇ ತುಂಬಿದ ಜೋಳ. ಅದಕ್ಕೂ ದೀಪ ಬಿಟ್ಟು ನೋಡದೆ ಇಳಿಯುವುದಿಲ್ಲ. ಈ ಮನುಷ್ಯನ ಮಾತಿಗೆ ಮಾತ್ರ ಹಾಗೇ ಇಳಿಯಬೇಕೇ? ಸೆರಗಿನ ಗಂಟು ಬಿಚ್ಚಿ ಐದು ಬೆಳ್ಳಿ ರೂಪಾಯಿ ತೆಗೆದಳು.

"ಅಣ್ಣಾರ, ಇವು ನಮ್ಮವ್ವ ಕೊಟ್ಟಿದ್ದು. ಇವನ್ನ ತಗೋರಿ, ನನಗ ಹತ್ತು ರೂಪಾಯಿ ನೋಟು ಕೊಡ್ರಿ."

ಕಲ್ಲಪ್ಪ ನಕ್ಕ. "ಉಲ್ಟಾ ಹೇಳಾಕತ್ತೀರಿ ತಂಗಿ."

"ಉಲ್ಟಾ ಅಲ್ರಿ. ಒಲಿಗೆ ಹಾಕೂ ಕಾಗದಕ್ಕ ಬೆಳ್ಳಿ ಕೊಡಾಕತ್ತೇನಿ. ನೀವ ಖುಷಿಯಿಂದ ಕೊಡಬೇಕಲ್ಲ?"

"ನೋಟು ಈಗ ನನ್ನ ಕಡೆ ಇಲ್ಲ."

"ಲಕ್ಕಪ್ಪಣ್ಣನ ನೋಟು ಆ ಚೀಲದಾಗ ಹಾಕ್ಕೊಂಡಿದ್ದು ನಾ ನೋಡೇನ್ರಿ."

ಕಲ್ಲಪ್ಪನ ಕೈ ತಾನಾಗಿಯೇ ಚೀಲದ ಬಾಯಿ ಹಿಡಿಯಿತು. "ಹೆಂಗಸರ ಜೋಡಿ ನನಗೇನ ಮಾತು?"

"ಹಂಗಾದ್ರ ನನಗ ಹೇಳ್ರಿ," ಎಂದ ದುಂಡಪ್ಪ. ಅವನ ದನಿ ಬದಲಾಗಿತ್ತು. "ರದ್ದಿ ಕಾಗದ ಅಂತೀರಿ, ಬಿಡಾಕ ಮಾತ್ರ ಒಲ್ರಿ. ಅವನ್ನ ತಗೊಂಡು ಏನ ಮಾಡ್ತೀರಿ?"

"ನಂಬಿಕಿ ಇಲ್ಲದ ಮನಿ," ಎಂದು ಬೈಯುತ್ತ ಕಲ್ಲಪ್ಪ ಚೀಲ ಬಗಲಿಗೆ ಹಾಕಿಕೊಂಡು ಹೊರಟೇಹೋದ. ಲಕ್ಕಪ್ಪನಿಗೆ ವಿಷಯ ತಿಳಿದು ಓಡುವಷ್ಟರಲ್ಲಿ ಅವನು ಊರು ದಾಟಿದ್ದ. ಆಮೇಲೆ ವಿಚಾರಿಸಿದರೆ, ದುಂಡಪ್ಪನ ತಂಗಿಯ ಊರಿನಲ್ಲಿ ಆ ಹೆಸರಿನ ನೆರೆಯವನೇ ಇರಲಿಲ್ಲ.

ಕಾಶೆವ್ವ ಹಗೇವಿನ ಮೇಲೆ ಕಲ್ಲು ಎಳೆಸಿದಳು.

ಮಳೆ ಹಿಡಿಯಿತು. ಜೋಳದ ದರ ಕೇಳಿದರೆ ಎದೆ ಒಡೆಯುವಂತಾಯಿತು. ರದ್ದಿಯಾಗುತ್ತದೆ ಎಂದ ನೋಟು ಗೋಕಾಕದ ಪೇಟೆಯಲ್ಲಿ ಎಂದಿನಂತೆ ನಡೆಯುತ್ತಲೇ ಇತ್ತು. ಸಿಕ್ಕಿದ್ದ ಅರ್ಧ ಬೆಳ್ಳಿಯೂ ಆ ದರಕ್ಕೆ ಕರಗಿ, ಒಂದು ದಿನ ಲಕ್ಕಪ್ಪ ಖಾಲಿ ಚೀಲ ಹಿಡಿದು ದುಂಡಪ್ಪನ ಹೊಸ್ತಿಲಲ್ಲಿ ನಿಂತ. ಕಾಶೆವ್ವ ಜೋಳ ಅಳೆದು ಹಾಕಿದಳು. ತಾನು ಗೆದ್ದೆ ಎಂಬ ಸಂತೋಷ ಅವಳಿಗೆ ಒಂದಿಷ್ಟೂ ಆಗಲಿಲ್ಲ.

"ಅಣ್ಣಾ, ನೀವು ಶಾಣ್ಯಾರು. ನಿಮಗ ಸಂಶೆ ಬರ್ಲಿಲ್ಲೇನ?"

"ಬಂತವ್ವಾ," ಎಂದ ಲಕ್ಕಪ್ಪ, ತಲೆ ಎತ್ತದೆ. "ಖರೆ ಹೇಳ್ಬೇಕಂದ್ರ ಅವತ್ತ ಬಂತು. ನಮ್ಮ ಮನ್ಯಾಗ ಉಣ್ಣಾಕ ಕುಂತಾಂವ್ನ ಹ್ಯಾಂಗ ಕೇಳೂದು, ಏನ ತಿಳ್ಕೊಂತಾನೋ ಅಂತ ಸುಮ್ಮನಾದ್ನಿ. ಈಗ ಹುಡುಗ್ರಿಗೆ ಒಂದ ಹೊತ್ತಿನ ರೊಟ್ಟಿ."

ಅಕ್ಕಂದಿರೇ, ಅಣ್ಣಂದಿರೇ, ಲಕ್ಕಪ್ಪ ದಡ್ಡನಲ್ಲ. ನಮ್ಮ ನಿಮ್ಮಂತೆ ಮರ್ಯಾದಸ್ಥ. ಆ ಮರ್ಯಾದೆಯನ್ನೇ ನಂಬಿಕೊಂಡು ಇಂಥವರು ಊರೂರು ತಿರುಗುತ್ತಾರೆ. ನಾಳೆ ನಿಮ್ಮ ಮನೆಗೂ ಬಂದಾರು. ನಿಮ್ಮ ಭಾಷೆಯನ್ನೇ ಆಡುತ್ತಾರೆ, ನಿಮ್ಮ ಬಳಗದ ಹೆಸರನ್ನೇ ಹೇಳುತ್ತಾರೆ. ಕಾಲ ಕೆಟ್ಟಿದೆ ಎಂದು ಹೆದರಿ ಇದ್ದದ್ದನ್ನು ಮಾರಬೇಡಿ, ಬೇಡದ್ದನ್ನು ಕೊಳ್ಳಬೇಡಿ. ವರ್ಷದ ಕಾಳು ಮೊದಲು ತೆಗೆದಿಡಿ. ಉಳಿದದ್ದನ್ನು ನಾಲ್ಕು ಕಡೆ ಹಂಚಿಡಿ. ಬಂದವನಿಗೆ ಹೊಟ್ಟೆ ತುಂಬ ಉಣ್ಣಲು ಹಾಕಿ, ಅದು ನಮ್ಮ ಧರ್ಮ. ಕೈ ತೊಳೆದ ಮೇಲೆ, ಇದರಲ್ಲಿ ನಿನಗೇನು ಲಾಭ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವನ ಕೈಗೆ ನಿಮ್ಮ ಮಕ್ಕಳ ರೊಟ್ಟಿ ಕೊಡಬೇಡಿ.