ಮೂರಡಿ ಕಡಿಮೆ

ಮೀಟರಿನ ಎರಡನೆಯ ಗೂಟವನ್ನು ನೆಲಕ್ಕೆ ಹೊಡೆಯುವಾಗ ಸುತ್ತಿಗೆ ಜಾರಿ ಅವಳ ಹೆಬ್ಬೆರಳನ್ನು ಸವರಿಕೊಂಡು ಹೋಯಿತು. ಗೋಡೆಯ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಾವ ಲೊಚಗುಟ್ಟಿದರು.

"ಮೇಡಂನೋರೇ, ಸುತ್ತಿಗೆ ಹಿಡಿಯೋದು ನಾನು ಕಲಿಸಿದ್ದು ಅಂತ ಯಾರ ಹತ್ರಾನೂ ಹೇಳ್ಬೇಡಿ. ಇರೋ ಮರ್ಯಾದೇನೂ ಹೋಗುತ್ತೆ."

"ಮೊದ್ಲು ಆ ಕಡೆ ಸರೀರಿ ಮಾವ. ಮೀಟರ್ ತಂತಿ ಮೇಲೇ ಕೂತಿದ್ದೀರಿ."

ಮನೆಯಲ್ಲಿ ಸೊಸೆ, ಇಲ್ಲಿ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರ್. ಕಚೇರಿಯ ಇನ್ನೊಬ್ಬ ಇನ್ಸ್‌ಪೆಕ್ಟರ್ ಕಾಲು ಮುರಿದುಕೊಂಡು ಮಲಗಿದ್ದರಿಂದ ಈ ಹೊಸ ಹೆರಿಗೆ ಆಸ್ಪತ್ರೆಯ ಕಡತ ಅವಳ ಮೇಜಿಗೆ ಬಂದಿತ್ತು. ಇಲ್ಲಿನ ವೈರಿಂಗ್ ಮಾವನ ಕೊನೆಯ ಕೆಲಸ. ನಲವತ್ತು ವರ್ಷದಲ್ಲಿ ತಮ್ಮದೊಂದು ಕೆಲಸವೂ ಫೇಲ್ ಆಗಿಲ್ಲವೆಂದು ಅವರು ದಿನಕ್ಕೆರಡು ಸಲವಾದರೂ ಹೇಳಿಕೊಳ್ಳುತ್ತಿದ್ದರು.

ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗ್ ರಾಡಿಗೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದಳು. ಇಪ್ಪತ್ತೆರಡು ಓಮ್. ಇಪ್ಪತ್ತೈದರೊಳಗಿದ್ದರೆ ಸಾಕು.

"ಪಾಸ್! ಎಲ್ಲಿ, ಸಹಿ ಹಾಕು!"

ಅವಳು ನೆಲ ನೋಡಿದಳು. ಅಂಗಳವೆಲ್ಲ ಒಣಗಿ ಬಾಯಿ ಬಿಟ್ಟಿತ್ತು. ರಾಡಿನ ಸುತ್ತ ಮಾತ್ರ ಎಮ್ಮೆ ಹೊರಳಾಡುವಷ್ಟು ಕೆಸರು. ಮಣ್ಣು ಒದ್ದೆಯಿದ್ದರೆ ಮೀಟರ್ ಕಡಿಮೆ ಓಮ್ ತೋರಿಸುತ್ತದೆ.

"ಇಲ್ಲೊಂದೇ ಕಡೆ ಮಳೆ ಬಂತಾ ಮಾವ?"

"ಗಿಡಕ್ಕೆ ನೀರು ಹಾಕಿದ್ದೆ."

"ಯಾವ ಗಿಡಕ್ಕೆ?"

"ಬರುತ್ತೆ ಇರು. ಈಗ್ತಾನೆ ನೀರು ಹಾಕಿದ್ದೀನಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಗ್ಗಿ ರಾಡಿನ ತಲೆ ಮುಟ್ಟಿದಳು. ಸುತ್ತಿಗೆಯ ಏಟು ತಿಂದು ಅರಳಿರಬೇಕಾದದ್ದು ಗರಗಸದಲ್ಲಿ ಕೊಯ್ದು ಅರ ಹಾಕಿದಂತೆ ನುಣ್ಣಗಿತ್ತು. ಆಗ ನೆನಪಾಯಿತು: ಸೋಮವಾರ ಮನೆಯ ಬಚ್ಚಲಲ್ಲಿ ಮಾವ ಟವೆಲ್ ಹಾಕಲೆಂದು ಕೂರಿಸಿದ ತಾಮ್ರದ ಬಣ್ಣದ ಸರಳು. 'ಅಂಗಡೀಲಿ ಸಿಗೋ ಮಾಲಲ್ಲ' ಎಂದು ಅತ್ತೆ ಊರಿಗೆಲ್ಲ ಹೇಳಿದ್ದರು. ಮೂರಡಿ ಉದ್ದ, ಒಂದು ತುದಿ ಅರಳಿದ್ದು. ಎಂಟಡಿಯೂ ಮಣ್ಣೊಳಗಿರಬೇಕಾದ ರಾಡು.

"ಕಲ್ಲು ಸಿಕ್ತಾ ಮಾವ?"

ಅವರು ಕೇಳಿಸದವರಂತೆ ಕಿವಿ ಕೆರೆದುಕೊಂಡರು.

"ಕಲ್ಲು ಸಿಕ್ರೆ ಓರೆಯಾಗಿ ಹೊಡಿ, ಅದಕ್ಕೂ ಬಗ್ಗದಿದ್ರೆ ಕಾಲುವೆ ತೋಡಿ ಉದ್ದಕ್ಕೆ ಮಲಗಿಸು ಅಂತ ನಂಗೆ ಹೇಳ್ಕೊಟ್ಟೋರು ಯಾರು?"

"ಆಗ ನನ್ನ ಸೊಂಟ ನೆಟ್ಟಗಿತ್ತು ಕಣಮ್ಮಾ."

ಆ ಮಾತಿನಲ್ಲಿ ತಮಾಷೆಯಿರಲಿಲ್ಲ. ಅವರ ಕಣ್ಣು ಅವಳ ಕೈಯ ಕಾಗದದ ಮೇಲಿತ್ತು. ಒಂದು ಸಹಿ ಬಿದ್ದರೆ ನಲವತ್ತು ವರ್ಷ ಹಾಗೇ ಉಳಿಯುತ್ತದೆ, ಕೇಳುವವರೂ ಇಲ್ಲ. ಒಳಗೆ ಹೆರಿಗೆ ಕೋಣೆಯ ನೆಲವನ್ನು ಯಾರೋ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದ ಸದ್ದು ಕೇಳಿಸಿತು. ನಾಳೆಯಿಂದ ಅಲ್ಲಿ ಹೆಂಗಸರು ಬರಿಗಾಲಲ್ಲಿ ನಡೆಯುತ್ತಾರೆ.

ಅಂಕಿ ಕಾಣದಂತೆ ಮೀಟರನ್ನು ಎದೆಗವಚಿಕೊಂಡಳು.

"ಬ್ಯಾಟರಿ ಹೋಯ್ತು ಮಾವ. ಗುರುವಾರ ಬರ್ತೀನಿ. ಅಲ್ಲಿವರೆಗೂ ಆಸ್ಪತ್ರೆ ಬಾಗಿಲು ತೆಗೆಯೋ ಹಾಗಿಲ್ಲ."

"ಇದೀಗ ಸರಿಯಾಗಿತ್ತಲ್ಲ?"

"ಇದೀಗ ಹೋಯ್ತು. ಗಿಡಕ್ಕೆ ನೀರು ಹಾಕ್ಬೇಡಿ, ಬೇರು ಕೊಳೆಯುತ್ತೆ."

ಸ್ಕೂಟರಿನ ಹಿಂದೆ ಕೂತ ಮಾವ ದಾರಿಯುದ್ದಕ್ಕೂ ಹಾಳು ಬ್ಯಾಟರಿಗಳನ್ನು ಬೈಯುತ್ತಾ ಬಂದರು. ಅವಳು ಹೂಂಗುಟ್ಟುತ್ತಿದ್ದಳು. ಗುರುವಾರವೂ ರಾಡು ಐದೇ ಅಡಿಯಿದ್ದರೆ ಫೇಲ್ ಎಂದು ತನ್ನ ಕೈಯಾರೆ ಬರೆಯುವುದು. ಮನೆಯಲ್ಲಿ ತಿಂಗಳುಗಟ್ಟಲೆ ಮುಖ ಊದಿದರೆ ಊದಿಕೊಳ್ಳಲಿ. ತಿರುವಿನಲ್ಲಿ ಬ್ರೇಕ್ ಹಿಡಿಯುವಷ್ಟರಲ್ಲಿ ಅದು ನಿಶ್ಚಯವಾಗಿತ್ತು. ಮನೆಗೆ ಬಂದ ಮೇಲೆ ಅದನ್ನು ಗಂಡನಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ.